ಚಿತ್ರದ ಎಡ ಮೂಲೆ

ಮಾರ್ಲೋ, ಒಹಾಯೊ
14 ಜನವರಿ 1991

ಮಾನ್ಯ ಶ್ರೀಮತಿ ಫ್ಲೋರಾ ಗಿಲ್ಲಿಸ್ ಅವರಿಗೆ,

ನನ್ನ ಪರಿಚಯ ತಮಗಿಲ್ಲ. ತಮ್ಮ ಪರಿಚಯ ನನಗೆ ಎಂಟು ವರ್ಷದಿಂದ ಇದೆ. ಪತ್ರಿಕೆಗಳು, ಟಿ.ವಿ. ವಾಹಿನಿಗಳು ಜನರನ್ನೂ ಸಮಾಜವನ್ನೂ ಹೇಗೆ ತೋರಿಸುತ್ತವೆ ಎಂಬುದೇ ನಾನು ಇಲ್ಲಿಯ ಕಾಲೇಜಿನಲ್ಲಿ ಕಲಿಸುವ ವಿಷಯ.

1964ರ ಆಗಸ್ಟಿನಲ್ಲಿ ನ್ಯೂಯಾರ್ಕಿನ ಒಂದು ವಾರಪತ್ರಿಕೆ ತಮ್ಮ ಮನೆಯ ಚಿತ್ರವನ್ನು ಎರಡು ಪುಟದಗಲ ಅಚ್ಚು ಹಾಕಿತು. ಅಡುಗೆಮನೆ. ಬೆಂಚಿನ ಮೇಲೆ ಸಾಲಾಗಿ ಕೂತ ಆರು ಮಕ್ಕಳು, ಎಲ್ಲರದೂ ಬರಿಗಾಲು. ಒಲೆಯ ಬಳಿ ಬೆನ್ನು ತಿರುಗಿಸಿ ನಿಂತ ತಾಯಿ. ಬಲತುದಿಯಲ್ಲಿ ತಮ್ಮನ ಹೆಗಲ ಮೇಲೆ ಕೈ ಹಾಕಿರುವ ಒಂಬತ್ತು ವರ್ಷದ ಹುಡುಗಿ ತಾವು. ಕೆಳಗೆ ಒಂದು ಸಾಲು: ‘ಕೇಪ್ ಬ್ರೆಟನ್ನಿನ ಗಣಿ ಊರು: ಈ ಮಕ್ಕಳಿಗೆ ಬೂಟು ಎಂದರೇನೆಂದು ಗೊತ್ತಿಲ್ಲ.’

ಈ ಚಿತ್ರ ಬಡವರಿಗೆ ಮಾಡಿದ ಅವಮಾನ ಎಂಬುದೇ ನನ್ನ ಪುಸ್ತಕದ ವಾದ. ಅದರ ಮೂರನೆಯ ಅಧ್ಯಾಯ ಪೂರ್ತಿ ತಮ್ಮ ಕಾಲುಗಳ ಮೇಲಿದೆ. ಫೋಟೋಗ್ರಾಫರ್ ಬೇಕೆಂದೇ ತಮ್ಮೆಲ್ಲರ ಬೂಟು ಬಿಚ್ಚಿಸಿದ ಎಂದು ನಾನು ತೋರಿಸಿದ್ದೇನೆ. ಚಿತ್ರದ ಎಡ ಮೂಲೆಯಲ್ಲಿ, ಪುಟದ ಅಂಚಿಗೆ ಅರ್ಧ ಕತ್ತರಿಸಿಹೋದ ಒಂದು ಕಪ್ಪು ಗುಪ್ಪೆ ಇದೆ. ಅದು ಕಲ್ಲಿದ್ದಲು, ಅಡುಗೆಮನೆಯೊಳಕ್ಕೂ ನುಗ್ಗಿದ ಗಣಿ. ಅದರ ಬಗ್ಗೆಯೇ ಒಂಬತ್ತು ಪುಟ ಬರೆದಿದ್ದೇನೆ.

ಚಿತ್ರವನ್ನು ರಕ್ಷಾಪುಟದ ಮೇಲೆ ಹಾಕಬೇಕೆಂದಿದ್ದೇವೆ. ಚಿತ್ರದಲ್ಲಿರುವವರ ಒಪ್ಪಿಗೆ ಬೇಕೆಂದು ಪ್ರಕಾಶಕರು ಹೇಳುತ್ತಾರೆ. ಜೊತೆಗಿರುವ ಕಾಗದಕ್ಕೆ ತಾವೂ ತಮ್ಮ ತಾಯಿಯವರೂ ಸಹಿ ಮಾಡಿ ಕಳಿಸಿದರೆ ಉಪಕಾರವಾಗುತ್ತದೆ. ಸಹಿ ಎಲ್ಲಿ ಮಾಡಬೇಕೆಂದು ಪೆನ್ಸಿಲಿನಲ್ಲಿ ಗುರುತು ಹಾಕಿದ್ದೇನೆ.

ತಮ್ಮ ವಿಶ್ವಾಸಿ,
ಡಾ. ವೆಂಡೆಲ್ ಪ್ರೌಟಿ


ಡನ್‌ಮೋರ್ ಕೋವ್, ಕೇಪ್ ಬ್ರೆಟನ್, ಕೆನಡಾ
1 ಫೆಬ್ರವರಿ 1991

ಪ್ರೊಫೆಸರ್ ಪ್ರೌಟಿಯವರೆ,

ಪೆನ್ಸಿಲಿನ ಗುರುತು ಕಂಡಿತು. ನಮಗೂ ಓದು ಬರಹ ಬರುತ್ತದೆ.

ಎಂಟು ವರ್ಷದಿಂದ ನನ್ನ ಪರಿಚಯ ಇದೆಯಂತೆ ನಿಮಗೆ. ನನ್ನ ಗಂಡನಿಗೆ ಹದಿನಾಲ್ಕು ವರ್ಷದಿಂದ ಇದೆ, ಅವನಿಗೇ ಇನ್ನೂ ಪೂರ್ತಿ ಆಗಿಲ್ಲ. ನಾನು ಶಾಲೆಯ ಬಸ್ಸು ಓಡಿಸುವವಳು. ಮಕ್ಕಳನ್ನು ಇಳಿಸಿ, ಮತ್ತೆ ತುಂಬಿಕೊಳ್ಳುವ ಹೊತ್ತಿನವರೆಗೆ ಹಿಂದಿನ ಸೀಟಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಕೈ ಮರಗಟ್ಟಿದೆ, ಆದರೂ ಬರೆಯದೆ ಬಿಡುವ ಹಾಗಿಲ್ಲ, ಅಷ್ಟು ಸಿಟ್ಟು ಬಂದಿದೆ.

ಸಹಿ ಹಾಕುವುದಿಲ್ಲ. ಅಮ್ಮನಿಗೆ ನಿಮ್ಮ ಕಾಗದ ತೋರಿಸಿಯೂ ಇಲ್ಲ. ಅಡುಗೆಮನೆಯಲ್ಲಿ ಕಲ್ಲಿದ್ದಲ ಗುಪ್ಪೆ! ಅಮ್ಮ ಅದನ್ನು ಓದಿದರೆ ಒಹಾಯೊವರೆಗೆ ನಡೆದುಕೊಂಡೇ ಬಂದು ನಿಮ್ಮ ಕಿವಿ ಹಿಂಡುತ್ತಾಳೆ. ಆ ಮೂಲೆಯಲ್ಲಿ ಏನಿತ್ತೆಂದು ನಮ್ಮ ಊರಿನ ಮೂರು ವರ್ಷದ ಕೂಸೂ ಹೇಳುತ್ತದೆ. ನಾನು ಹೇಳುವುದಿಲ್ಲ. ಒಂಬತ್ತು ಪುಟ ಬರೆದವರಿಗೆ ನಾನೇನು ಹೇಳಿಕೊಡಲಿ?

ಆ ಚಿತ್ರ ಬಂದ ಮೇಲೆ ಏನಾಯಿತು ಗೊತ್ತೆ? ನಿಮ್ಮ ದೇಶದ ಪುಣ್ಯಾತ್ಮರೆಲ್ಲ ಬೂಟು ಕಳಿಸಿದರು. ಟಪಾಲು ಕಚೇರಿಯ ತುಂಬ ಬೂಟು, ಮುನ್ನೂರನಲವತ್ತು ಜೊತೆ. ಹರಿದವು, ಹಿಮ್ಮಡಿ ಸವೆದವು, ನಾಟ್ಯಕ್ಕೆ ಹಾಕುವ ಬೆಳ್ಳಿಬಣ್ಣದವು, ಬರೀ ಎಡಗಾಲಿನವು ಕೂಡ ಇದ್ದವು. ಪಾದ್ರಿಗಳು ಚರ್ಚಿನ ಹಾಲ್‌ನಲ್ಲಿ ಹರವಿಟ್ಟರು, ಊರಿನಲ್ಲಿ ಒಬ್ಬರೂ ಮುಟ್ಟಲಿಲ್ಲ. ಕೊನೆಗೆ ಗಂಡಸರೆಲ್ಲ ಸೇರಿ ಸಮುದ್ರದ ದಂಡೆಯಲ್ಲಿ ಸುಟ್ಟರು. ಮೂರು ದಿನ ಊರೆಲ್ಲ ರಬ್ಬರಿನ ನಾತ. ಶಾಲೆ ಬಿಡುವವರೆಗೂ ನನಗೆ ‘ಬರಿಗಾಲಿ’ ಎಂದೇ ಹೆಸರು.

ಮರುವರ್ಷ ಟಿ.ವಿ.ಯವರು ಬಂದರು. “ಮಕ್ಕಳು ಬರಿಗಾಲಲ್ಲಿ ರಸ್ತೆ ಮೇಲೆ ಓಡಿ ಬರ‍್ಲಿ” ಅಂದರು. ಅಮ್ಮ ನೆಲ ಒರೆಸುವ ಕೋಲು ಹಿಡಿದು ಅಟ್ಟಿದಳು. ಅದನ್ನು ಅವರು ತೋರಿಸಲಿಲ್ಲ ನೋಡಿ.

ಇಷ್ಟಕ್ಕೂ ನಾವು ಮನೆಯೊಳಗೆ ಇದ್ದೆವು, ಸ್ವಾಮಿ. ಮನೆಯೊಳಗೆ.

ಫ್ಲೋರಾ ಗಿಲ್ಲಿಸ್


ಮಾರ್ಲೋ
19 ಫೆಬ್ರವರಿ 1991

ಪ್ರಿಯ ಶ್ರೀಮತಿ ಗಿಲ್ಲಿಸ್,

ತಮ್ಮ ಪತ್ರ ಅಮೂಲ್ಯವಾದದ್ದು. ತರಗತಿಯಲ್ಲಿ ಗಟ್ಟಿಯಾಗಿ ಓದಿದೆ, ಇಬ್ಬರು ವಿದ್ಯಾರ್ಥಿನಿಯರು ಅತ್ತರು. ಮುನ್ನೂರನಲವತ್ತು ಜೊತೆ ಬೂಟಿನ ಸಂಗತಿಯನ್ನು ಪುಸ್ತಕದಲ್ಲಿ ಸೇರಿಸಲು ಅಪ್ಪಣೆ ಕೊಡಬೇಕು.

‘ನಾವು ಮನೆಯೊಳಗೆ ಇದ್ದೆವು’ ಎಂಬ ಮಾತು ನನ್ನನ್ನು ಬಹಳ ಕಾಡಿತು. ಒಳಗು, ಹೊರಗು, ನೋಡಿಸಿಕೊಳ್ಳುವವರು, ನೋಡುವವರು. ಇದರ ಮೇಲೆ ಒಂದು ಉಪವಿಭಾಗವನ್ನೇ ಬರೆಯುತ್ತಿದ್ದೇನೆ.

ಕಲ್ಲಿದ್ದಲಿನ ಬಗ್ಗೆ ತಾವು ಸಿಟ್ಟಾದದ್ದು ಸಹಜ. ನೋವಿನ ಜಾಗ ಅದು. ಆದರೆ ಒಂದು ಮಾತು. ನಾವು ಅಭ್ಯಾಸ ಮಾಡುವುದು ಅಚ್ಚಾದ ಪುಟವನ್ನು. ಅಲ್ಲಿ ನಿಜಕ್ಕೂ ಏನಿತ್ತು ಎಂಬುದು ನಮಗೆ ಎರಡನೆಯ ಮಾತು. ಓದುಗನ ಕಣ್ಣಿಗೆ ಅದು ಕಲ್ಲಿದ್ದಲಾದರೆ ಕಲ್ಲಿದ್ದಲೇ.

ಒಂದೇ ಪ್ರಶ್ನೆ ಉಳಿದಿದೆ. ಬೂಟು ಬಿಚ್ಚಿ ಎಂದು ಫೋಟೋಗ್ರಾಫರ್ ಯಾವ ಮಾತುಗಳಲ್ಲಿ ಹೇಳಿದ? ನೆನಪಿದ್ದಷ್ಟು ತಿಳಿಸಿ.

ವೆಂಡೆಲ್ ಪ್ರೌಟಿ


ಡನ್‌ಮೋರ್ ಕೋವ್
11 ಮಾರ್ಚ್ 1991

ಪ್ರೊಫೆಸರರೆ,

ಯಾರೂ ಹೇಳಲಿಲ್ಲ. ಯಾರಾದರೂ ಹೇಳಬೇಕೆ? ನಾವೇ ಬಿಚ್ಚಿದ್ದೆವು.

ನನ್ನ ಕಾಗದ ಓದಿ ಅತ್ತ ಆ ಇಬ್ಬರು ಹುಡುಗಿಯರ ವಿಳಾಸ ಕಳಿಸಿ. ಬೂಟು ಕಳಿಸುವ ಯೋಚನೆ ಇದ್ದರೆ ಈಗಲೇ ಬೇಡ ಅಂದುಬಿಡುತ್ತೇನೆ.

ಫ್ಲೋರಾ ಗಿಲ್ಲಿಸ್


ಮಾರ್ಲೋ
3 ಏಪ್ರಿಲ್ 1991

ಪ್ರಿಯ ಶ್ರೀಮತಿ ಗಿಲ್ಲಿಸ್,

‘ಯಾರಾದರೂ ಹೇಳಬೇಕೆ? ನಾವೇ ಬಿಚ್ಚಿದ್ದೆವು.’ ಇದನ್ನು ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಹೇಳದೆಯೇ ಬಿಚ್ಚುವಷ್ಟು ದಬ್ಬಾಳಿಕೆ ತಮ್ಮ ಮೈಗೆ ಹತ್ತಿಹೋಗಿತ್ತು. ಬಡವನು ಹೇಗಿರಬೇಕೆಂದು ಪತ್ರಿಕೆ ಬಯಸುತ್ತದೋ ಹಾಗೆ ಒಂಬತ್ತು ವರ್ಷದ ಮಗು ತಾನೇ ಆಗಿಬಿಡುತ್ತದೆ. ನನ್ನ ವಾದಕ್ಕಿಂತಲೂ ಇದು ಭಯಾನಕ.

ಮುಚ್ಚುಮರೆ ಬೇಡ. ಈ ಪುಸ್ತಕ ಬಾರದಿದ್ದರೆ ಬರುವ ವರ್ಷ ನನ್ನ ಕೆಲಸ ಖಾಯಂ ಆಗುವುದಿಲ್ಲ. ಆದರೆ ತಮ್ಮ ತಾಯಿಯವರ ಮಾತಿಲ್ಲದೆ ಅದನ್ನು ಅಚ್ಚಿಗೆ ಕೊಡಲು ನನಗೂ ಮನಸ್ಸಿಲ್ಲ. ಜೂನ್ ತಿಂಗಳಲ್ಲಿ ಬರಲೆ?

ವೆಂಡೆಲ್ ಪ್ರೌಟಿ


ಡನ್‌ಮೋರ್ ಕೋವ್
20 ಮೇ 1991

ಪ್ರೊಫೆಸರರೆ,

ಕಡೆಗೂ ನಿಮ್ಮ ಕಾಗದಗಳನ್ನೆಲ್ಲ ಅಮ್ಮನ ಮುಂದೆ ಇಟ್ಟೆ. ಬಚ್ಚಿಟ್ಟರೆ ಅವಳಿಗೆ ವಾಸನೆ ಹತ್ತುತ್ತದೆ. ಕನ್ನಡಕ ಹಾಕಿಕೊಂಡು ಮೂರು ದಿನ ಓದಿದಳು. ದಬ್ಬಾಳಿಕೆ ಮೈಗೆ ಹತ್ತಿದ ಜಾಗಕ್ಕೆ ಬಂದಾಗ, “ಇವ್ನಿಗೇನು ಜ್ವರ ಬಂದಿತ್ತೇನೆ?” ಅಂದಳು.

ಆಮೇಲೆ ನಾನು ಎಣಿಸಿರದ ಮಾತು ಆಡಿದಳು. “ಬರ್ಲಿ ಬಿಡು. ನಂಗೂ ಎಪ್ಪತ್ತಾರಾಯ್ತು. ಆ ಸಾಲು ಅಚ್ಚಲ್ಲಿ ಬಂತಲ್ಲ, ಅದನ್ನ ಅಚ್ಚಲ್ಲೇ ತೆಗೀಬೇಕು. ಬಾಯಲ್ಲಿ ಹೇಳಿದ್ರೆ ಊರಿಗೆ ಗೊತ್ತಾಗುತ್ತೆ, ಊರಿಗೆ ಮೊದ್ಲೇ ಗೊತ್ತು.”

ಅವಳಿಗೆ ಬೇಕಾದದ್ದು ಅವಳ ಹೆಸರು ಹಾಕಿದ ಒಂದೇ ಸಾಲು: ಕ್ಯಾಸಿ ರಾಂಕಿನ್‌ಳ ಆರು ಮಕ್ಕಳಿಗೂ ಬೂಟು ಇತ್ತು. ಅಷ್ಟು ಅಚ್ಚು ಹಾಕಿದರೆ ಸಹಿ ಹಾಕುತ್ತಾಳೆ. ಇಪ್ಪತ್ತೇಳು ವರ್ಷ ಆಯಿತು, ಅವತ್ತಿನಿಂದ ಪೆನ್ನು ಹಿಡಿದ ಒಬ್ಬ ಪರಸ್ಥಳದವನನ್ನೂ ಅಮ್ಮ ಹೊಸಿಲು ದಾಟಿಸಿಲ್ಲ. ನಮ್ಮಪ್ಪ ಪಾಳಿಯ ಮೇಲೆ ಪಾಳಿ ಗಣಿಗೆ ಇಳಿದು ಗಳಿಸಿ ತಂದದ್ದು ಆ ಬೂಟು. ಪತ್ರಿಕೆ ಬಂದ ದಿನ ಅವನು ಊಟ ಮಾಡದೆ ಎದ್ದು ಹೋದ. ಇದನ್ನು ನಿಮ್ಮ ಕ್ಲಾಸಿನಲ್ಲಿ ಓದಬೇಡಿ.

ಜೂನ್ 18ಕ್ಕೆ ಬನ್ನಿ. ಅದೇ ಮನೆ, ಅದೇ ಅಡುಗೆಮನೆ. ಮಧ್ಯಾಹ್ನ ಮೂರೂವರೆಗೆ ನನ್ನ ಬಸ್ಸಿನ ಸುತ್ತು ಮುಗಿಯುತ್ತದೆ. ಅದಕ್ಕಿಂತ ಮೊದಲು ಬಂದರೆ ಅಮ್ಮನೊಬ್ಬಳೇ ಇರುತ್ತಾಳೆ. ಬೇಗ ಬರಬೇಡಿ.

ಫ್ಲೋರಾ ಗಿಲ್ಲಿಸ್


ಮಾರ್ಲೋ
24 ಜೂನ್ 1991

ಪ್ರಿಯ ಫ್ಲೋರಾ,

ಈಗ ಹೀಗೆ ಕರೆಯಬಹುದಲ್ಲ? ತಮ್ಮ ಮನೆಯಲ್ಲಿ ಕಳೆದ ಆ ಒಂದು ಗಂಟೆಯನ್ನು ಮರೆಯಲಾರೆ.

ಅರ್ಧ ಗಂಟೆ ಬೇಗ ಬಂದದ್ದಕ್ಕೆ ಕ್ಷಮೆ ಇರಲಿ. ಮಳೆ ಬರುತ್ತಿತ್ತು, ರಸ್ತೆ ಕೆಸರಾಗಿತ್ತು, ಹೊರಗೆ ಕಾಯಲಾಗಲಿಲ್ಲ. ಬಾಗಿಲು ತೆರೆದೇ ಇತ್ತು. ನಾನು ನೇರವಾಗಿ ಒಳಗೆ ನಡೆದು, ಆ ಬೆಂಚಿನ ಎದುರಿಗೇ ನಿಂತೆ. ತಮ್ಮ ತಾಯಿ ಒಲೆಯ ಬಳಿ ತಿರುಗಿ ನೋಡಿದರು. ಅವರ ನೋಟ ನನ್ನ ಮುಖಕ್ಕೆ ಬರಲೇ ಇಲ್ಲ. ನನ್ನ ಬೂಟಿನ ಮೇಲೆ ನೆಟ್ಟಿತು, ನಾನು ಹೊರಡುವವರೆಗೂ ಅಲ್ಲೇ ಇತ್ತು.

ನಾನು ಕೇಳಿದ ಯಾವ ಪ್ರಶ್ನೆಗೂ ಅವರು ಬಾಯಿ ಬಿಡಲಿಲ್ಲ. ಚಹಾ ಕೊಟ್ಟರು, ಓಟ್ಸಿನ ರೊಟ್ಟಿ ಕೊಟ್ಟರು, ಮತ್ತೆ ಬೂಟು ನೋಡಿದರು. ತಾವು ಬಂದ ಮೇಲೆ ತಮ್ಮಿಬ್ಬರ ನಡುವೆ ಏನೋ ಕಣ್ಸನ್ನೆ ನಡೆದದ್ದೂ ನನಗೆ ಕಂಡಿತು, ತಾವೂ ಸುಮ್ಮನಾದಿರಿ. ಅವರು ಹೇಳಬೇಕೆಂದಿದ್ದ ಆ ಒಂದು ಸಾಲನ್ನು ಕೂಡ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಇಪ್ಪತ್ತೇಳು ವರ್ಷದ ಹಂಬಲ ಆ ಕಣ್ಣುಗಳಲ್ಲಿತ್ತು. ತನ್ನ ಮಕ್ಕಳಿಗೆ ಸಿಗದಿದ್ದ ಬೂಟು!

ನಾನು ಕಾರಿನಲ್ಲಿ ಕೂತು ಕಿಟಕಿಯಿಂದ ನೋಡಿದೆ. ಆ ವಯಸ್ಸಿನಲ್ಲಿ ಅವರು ಮಂಡಿಯೂರಿ, ನಾನು ಹೆಜ್ಜೆ ಇಟ್ಟ ಜಾಗವನ್ನೆಲ್ಲ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. ಹೊರಗಿನವರ ಕಣ್ಣು ಬಿದ್ದ ಜಾಗವನ್ನು ಶುದ್ಧಿ ಮಾಡುವ ವಿಧಿ ಅದು. ಪುಸ್ತಕದ ಕೊನೆಯ ಪುಟ ನನಗೆ ಸಿಕ್ಕಿತು.

ಆ ಒಂದು ಸಾಲನ್ನು ಖಂಡಿತ ಹಾಕುತ್ತೇನೆ, ಅಡಿಟಿಪ್ಪಣಿಯಲ್ಲಿ, ತಾಯಿಯೊಬ್ಬಳ ಆಸೆಯ ನೆನಪು ಎಂದು. ಸಹಿಯ ಕಾಗದದ ಇನ್ನೊಂದು ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ.

ವೆಂಡೆಲ್


ಡನ್‌ಮೋರ್ ಕೋವ್
1 ಜುಲೈ 1991

ಪ್ರೊಫೆಸರ್ ಪ್ರೌಟಿ,

ಹೀಗೆ ಕರೆಯಬಾರದು. ಶ್ರೀಮತಿ ಗಿಲ್ಲಿಸ್ ಎಂದೇ ಬರೆಯಿರಿ.

ನಿಮ್ಮ ಕಾಗದವನ್ನು ನಾನು ಅಮ್ಮನಿಗೆ ಓದಿ ಹೇಳಿದೆ. ‘ಹಂಬಲ’ದ ಹತ್ತಿರ ಬಂದಾಗ ಅವಳಿಗೆ ಕೆಮ್ಮು ಹತ್ತಿಕೊಂಡಿತು, ಬೆನ್ನು ನೀವಬೇಕಾಯಿತು. ನಗುವೋ ಸಿಟ್ಟೋ ಅವಳಿಗೇ ತಿಳಿಯಲಿಲ್ಲ.

ಅಲ್ಲ ಸ್ವಾಮಿ, ಕೆಸರು ಬೂಟು ಹಾಕಿಕೊಂಡು ಇನ್ನೊಬ್ಬರ ಅಡುಗೆಮನೆಗೆ ನುಗ್ಗುತ್ತಾರೆಯೆ? ನಿಮ್ಮ ತಾಯಿ ನಿಮಗೆ ಏನೂ ಕಲಿಸಲಿಲ್ಲವೆ? ಬಾಗಿಲ ಬಳಿ ನಮ್ಮೆಲ್ಲರ ಬೂಟು ಸಾಲಾಗಿ ಇತ್ತು. ನೀವು ಅದನ್ನು ದಾಟಿಕೊಂಡೇ ಬಂದಿರಿ. ಚಿತ್ರದಲ್ಲಿನ ಬೂಟಿನ ಬಗ್ಗೆ ಎಂಟು ವರ್ಷ ಓದಿದವರಿಗೆ ಕಾಲ ಬುಡದ ಬೂಟು ಕಾಣಲಿಲ್ಲ!

ಈ ಊರಿನಲ್ಲಿ ಬೂಟು ಹಾಕಿಕೊಂಡು ಮನೆಯೊಳಗೆ ಕಾಲಿಡುವವರು ಯಾರೂ ಇಲ್ಲ. ಡಾಕ್ಟರು ಬಿಚ್ಚುತ್ತಾರೆ, ಪಾದ್ರಿಗಳು ಬಿಚ್ಚುತ್ತಾರೆ, ಹೆಣ ಎತ್ತುವುದಕ್ಕೆ ಬಂದವರೂ ಬಿಚ್ಚುತ್ತಾರೆ. ಹೊರಗೆ ಗಣಿಯ ಧೂಳು, ಹಿಮ, ಉಪ್ಪು, ಕೆಸರು. ಒಳಗೆ ಅಮ್ಮ ಒರೆಸಿದ ನೆಲ. ಆ ಫೋಟೋ ತೆಗೆದದ್ದು ಸೋಮವಾರ, ಬಟ್ಟೆ ಒಗೆಯುವ ದಿನ. ಕಾಲುಚೀಲವೆಲ್ಲ ಹೊರಗೆ ಹಗ್ಗದ ಮೇಲಿತ್ತು. ಅದಕ್ಕೇ ಬರಿಗಾಲು. ಕಥೆ ಇಷ್ಟೇ.

ಆ ಫೋಟೋದವನು, ನ್ಯೂಯಾರ್ಕಿನವನಾದರೂ, ನಿಮಗಿಂತ ಮೇಲು. ಬಾಗಿಲಲ್ಲಿ ಸಾಲು ನೋಡಿದ, ಏನೂ ಕೇಳದೆ ತನ್ನ ಬೂಟನ್ನೂ ಬಿಚ್ಚಿ ಸಾಲಿನ ಕೊನೆಗೆ ಇಟ್ಟ. ಅವನ ಕಾಲುಚೀಲದಲ್ಲಿ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ಅಮ್ಮ ಅದನ್ನು ಬಿಚ್ಚಿಸಿಕೊಂಡು ಅಲ್ಲೇ ಹೊಲಿದುಕೊಟ್ಟಳು. ಅವತ್ತು ಆ ಅಡುಗೆಮನೆಯಲ್ಲಿ ತೂತು ಬಿದ್ದದ್ದು ಹಾಕಿಕೊಂಡಿದ್ದವನು ಅವನೊಬ್ಬನೇ. ಚಿತ್ರದ ಕೆಳಗಿನ ಆ ಸಾಲು ಬರೆದದ್ದು ಅವನೋ ಮೇಜಿನ ಮುಂದೆ ಕೂತ ಇನ್ನಾವನೋ, ದೇವರಿಗೇ ಗೊತ್ತು. ಬರೆದವನು ಯಾರೇ ಆಗಿರಲಿ, ಒಂದು ಸಾಲು ಬರೆದ. ನೀವು ಒಂದು ಅಧ್ಯಾಯ ಬರೆದಿರಿ.

ನಿಮ್ಮ ಕಲ್ಲಿದ್ದಲ ಗುಪ್ಪೆ ಇದೆಯಲ್ಲ, ಎಡ ಮೂಲೆಯದು? ಅದು ಬಾಗಿಲ ಬದಿಯ ನಮ್ಮ ಬೂಟಿನ ಸಾಲು, ಸ್ವಾಮಿ. ಆರು ಜೊತೆ ನಮ್ಮವು, ಏಳನೆಯದು ಅವನದು. ನಿಮ್ಮ ಒಂಬತ್ತು ಪುಟ ನಿಂತಿರುವುದು ಅದರ ಮೇಲೆ.

ಕಣ್ಸನ್ನೆ ಕಂಡಿತಂತೆ. ನಾನು ಬಂದವಳೇ ಬಾಯಿ ತೆಗೆದೆ. ಸುಮ್ಮನಿರು ಎಂದು ಅಮ್ಮ ಕಣ್ಣು ಬಿಟ್ಟಳು. ಮನೆಗೆ ಬಂದವರಿಗೆ ಬೂಟು ಬಿಚ್ಚು ಅನ್ನುವುದು ಅವಳಿಂದಾಗದು. ನೀವೇ ನಾಚಿಕೊಂಡು ಬಿಚ್ಚುತ್ತೀರಿ ಎಂದು ಒಂದು ಗಂಟೆ ಕಾದಳು. ಆಮೇಲೆ ನಿಮ್ಮ ಕಾರು ಹೊರಟಾಗ ಅಂದಳು: “ಇಂಥೋನಿಗೆ ಹೇಳಿ ಏನು ಉಪಯೋಗಾನೇ? ಎದುರಿಗಿರೋದು ಕಾಣ್ದೋನು ಅಚ್ಚಲ್ಲಿ ಏನು ಹಾಕ್ತಾನೆ?” ಆ ನೆಲವನ್ನು ನಾನು ಒರೆಸುತ್ತೇನೆ ಅಂದರೂ ಬಿಡಲಿಲ್ಲ. ಮಾರನೆಯ ದಿನ ಮಂಡಿ ಊದಿತು. ಅದಕ್ಕೆ ನೀವು ವಿಧಿ ಎಂದು ಹೆಸರಿಟ್ಟಿರಿ. ಥೂ!

ತಪ್ಪು ನನ್ನದೂ ಇದೆ, ಒಪ್ಪಿಕೊಳ್ಳುತ್ತೇನೆ. ಇದನ್ನು ಬಿಡಿಸಿ ಹೇಳಬೇಕಾಗುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ. ನಿಮ್ಮ ಟಿ.ವಿ. ಧಾರಾವಾಹಿಗಳಲ್ಲಿ ಜನ ಬೂಟು ಹಾಕಿಕೊಂಡೇ ಹಾಸಿಗೆಯ ಮೇಲೆ ಉರುಳುತ್ತಾರೆ. “ಪಾಪ, ನಾಟಕದವ್ರು, ಬಿಚ್ಚೋಕೆ ಪುರುಸೊತ್ತಿರಲ್ಲ” ಅನ್ನುತ್ತಿದ್ದಳು ಅಮ್ಮ. ನಾವೂ ಹಾಗೆಯೇ ನಂಬಿದ್ದೆವು. ನೀವು ಬಂದ ಮೇಲೆ ತಿಳಿಯಿತು, ನಿಮ್ಮ ಕಡೆ ನಿಜಕ್ಕೂ ಹಾಗೇ ಬದುಕುತ್ತೀರಿ ಎಂದು.

ಸಹಿಯ ಕಾಗದ ಒಲೆಗೆ ಹೋಯಿತು. ತಾಯಿಯೊಬ್ಬಳ ಆಸೆಯಂತೆ! ಆಸೆಯಲ್ಲ ಅದು, ನಡೆದದ್ದು. ಅಡಿಟಿಪ್ಪಣಿಯೂ ಬೇಡ, ನೀವೂ ಬೇಡ.

ಫ್ಲೋರಾ ಗಿಲ್ಲಿಸ್


ಮಾರ್ಲೋ
16 ಸೆಪ್ಟೆಂಬರ್ 1991

ಮಾನ್ಯ ಶ್ರೀಮತಿ ಗಿಲ್ಲಿಸ್,

ಎರಡೂವರೆ ತಿಂಗಳು ತಮಗೆ ಬರೆಯಲು ಮುಖವಿರಲಿಲ್ಲ.

ಮೊದಲು ನನಗೆ ಸಿಟ್ಟು ಬಂತು. ತಮ್ಮ ಮಾತು ಸುಳ್ಳೆಂದು ತೋರಿಸುವ ಹಟದಿಂದಲೇ ಆಗಸ್ಟಿನಲ್ಲಿ ನ್ಯೂಯಾರ್ಕಿಗೆ ಹೋದೆ. ಫೋಟೋಗ್ರಾಫರ್ ತೀರಿಕೊಂಡು ಹನ್ನೆರಡು ವರ್ಷವಾಗಿದೆ. ಅವನ ಫಿಲ್ಮುಗಳು ಒಂದು ಗ್ರಂಥಾಲಯದಲ್ಲಿವೆ. ಎಂಟು ವರ್ಷದಲ್ಲಿ ನಾನು ಅಲ್ಲಿಗೆ ಒಮ್ಮೆಯೂ ಹೋಗಿರಲಿಲ್ಲ. ಅಚ್ಚಾದ ಪುಟ ಸಾಕು ಎಂದು ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತಿದ್ದವನು ನಾನೇ.

ಪತ್ರಿಕೆಯವರು ಕತ್ತರಿಸುವ ಮುಂಚಿನ ಪೂರ್ತಿ ಚಿತ್ರ ಇದರ ಜೊತೆಗಿದೆ. ಭೂತಗನ್ನಡಿ ಹಿಡಿದು ಎಣಿಸಿದೆ. ಏಳು ಜೊತೆ.

ಮೂರನೆಯ ಅಧ್ಯಾಯವನ್ನು ಪುಸ್ತಕದಿಂದ ತೆಗೆದಿದ್ದೇನೆ. ಪ್ರಕಾಶಕರು ಪುಸ್ತಕವನ್ನು ಮುಂದಕ್ಕೆ ಹಾಕಿದ್ದಾರೆ. ನನ್ನ ಕೆಲಸ ಖಾಯಂ ಆಗುವ ಮಾತನ್ನು ಈ ವರ್ಷ ಯಾರೂ ಎತ್ತುವುದಿಲ್ಲ. ಇದನ್ನು ದೂರೆಂದು ಬರೆಯುತ್ತಿಲ್ಲ. ಆ ಅಧ್ಯಾಯದ ಜಾಗದಲ್ಲಿ ನಾನು ಮಾಡಿದ ತಪ್ಪನ್ನೇ ಬರೆಯಬೇಕೆಂದಿದ್ದೇನೆ, ಕೆಸರು ಬೂಟಿನ ಸಮೇತ. ತಾವು ಬೇಡವೆಂದರೆ ಅದೂ ಇಲ್ಲ. ಸಹಿಯ ಕಾಗದ ಕಳಿಸುತ್ತಿಲ್ಲ. ಚಿತ್ರ ತಮ್ಮ ತಾಯಿಯವರಿಗೆ. ಅವರ ಮಂಡಿ ಈಗ ಹೇಗಿದೆ?

ವೆಂಡೆಲ್ ಪ್ರೌಟಿ


ಡನ್‌ಮೋರ್ ಕೋವ್
29 ಸೆಪ್ಟೆಂಬರ್ 1991

ಪ್ರೊಫೆಸರ್ ಪ್ರೌಟಿಯವರೆ,

ಮಂಡಿ ಪರವಾಗಿಲ್ಲ. ನಾಲಗೆಯಂತೂ ಮೊದಲಿಗಿಂತ ಚುರುಕಾಗಿದೆ.

ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ಅಮ್ಮ ಎಷ್ಟೋ ಹೊತ್ತು ನೋಡಿದಳು. ಮಕ್ಕಳ ಮುಖ ನೋಡಲಿಲ್ಲ, ತನ್ನ ಬೆನ್ನು ನೋಡಲಿಲ್ಲ. ಎಡ ಮೂಲೆಗೇ ಹೋದಳು. ಒಂದೊಂದೇ ಜೊತೆಯ ಮೇಲೆ ಬೆರಳಿಟ್ಟು ಹೆಸರು ಹೇಳಿದಳು: ಅಂಗಸ್‌ದು, ಮೋರಾಗ್‌ದು, ಅವಳಿಗಳದು, ಪುಟ್ಟ ನೀಲ್‌ನದು. ಕಣ್ಣು ತುಂಬಿಕೊಂಡಿತು. ‘ನಿಮ್ಮಪ್ಪ ಇದ್ದಿದ್ದರೆ’ ಅನ್ನುತ್ತಾಳೆ ಎಂದುಕೊಂಡೆ.

ಅಷ್ಟರಲ್ಲಿ ಬೆರಳು ಒಂದು ಕಡೆ ನಿಂತಿತು. “ಇಲ್ನೋಡು! ಇದೊಂದು ಜೊತೆ ಸೊಟ್ಟಗಿದೆ. ಒಂದು ಆ ಕಡೆ, ಒಂದು ಈ ಕಡೆ. ಯಾರ‍್ದೇ ಇದು?”

ನನ್ನದು.

“ಎಷ್ಟು ಸಲ ಹೇಳಿದ್ದೆ ನಿಂಗೆ, ನೆಟ್ಟಗೆ ಜೋಡಿಸಿಡು ಅಂತ? ಈಗ ಪ್ರಪಂಚ ಎಲ್ಲಾ ನೋಡುತ್ತಲ್ಲೇ!” ನನಗೆ ಮೂವತ್ತಾರು ವರ್ಷ, ಸ್ವಾಮಿ. ಊಟ ಮುಗಿಯುವವರೆಗೂ ಬೈಸಿಕೊಂಡೆ.

ಪ್ರಪಂಚ ನೋಡುತ್ತದೆ ಎಂದು ಅವಳೇ ಅಂದಮೇಲೆ ನಾನೇನು ಹೇಳಲಿ? ನೀವು ಕಳಿಸದ ಸಹಿಯ ಕಾಗದವನ್ನು ನಾನೇ ಬರೆದೆ, ಇಬ್ಬರೂ ಸಹಿ ಹಾಕಿದ್ದೇವೆ, ಇದರ ಜೊತೆಗಿದೆ. ಚಿತ್ರ ಪೂರ್ತಿ ಬರಬೇಕು, ಒಂದು ಕೂದಲೆಳೆಯಷ್ಟೂ ಕತ್ತರಿಸಬಾರದು, ಸೊಟ್ಟ ಜೊತೆಯ ಸಮೇತ. ಕೆಳಗೆ ಹಾಕುವ ಸಾಲನ್ನು ಅಮ್ಮ ಹೇಳಿ ಬರೆಸಿದ್ದಾಳೆ, ಇದ್ದ ಹಾಗೇ ಹಾಕಿ: ‘ಕ್ಯಾಸಿ ರಾಂಕಿನ್‌ಳ ಅಡುಗೆಮನೆ, ಸೋಮವಾರ. ನೆಲ ಇನ್ನೂ ಒದ್ದೆ ಇತ್ತು.’

ಕೆಸರು ಬೂಟಿನದನ್ನೂ ಬರೆಯಿರಿ. ಪುಸ್ತಕ ಬಂದಾಗ ನೀವೇ ತಂದುಕೊಡಬೇಕಂತೆ. ಕಾಲುಚೀಲ ಹರಿದಿದ್ದರೆ ಹೊಲಿದುಕೊಡುತ್ತಾಳಂತೆ.

ಫ್ಲೋರಾ ಗಿಲ್ಲಿಸ್